ಅಣ್ಣನ ಉಂಗುರ ಚಿತೆಗೆ ಹೋಗಿರಲಿಲ್ಲ

ಅಣ್ಣನ ಉಂಗುರ ಚಿತೆಗೆ ಹೋಗಿರಲಿಲ್ಲ. ಹೋಯಿತು ಎಂದು ಅತ್ತಿಗೆಗೆ ಹೇಳಿದವಳು ನಾನು. ಒಂಬತ್ತು ವರ್ಷ ಅದು ನನ್ನ ಟ್ರಂಕಿನ ತಳದಲ್ಲಿತ್ತು.

ತೊಂಬತ್ತರ ದಶಕದಲ್ಲಿ ನಾವೆಲ್ಲ ಇಟ್ಟಮಡುವಿನ ಒಂದೇ ಮನೆಯಲ್ಲಿದ್ದೆವು. ಅಣ್ಣ ತೀರಿಕೊಂಡಾಗ ಶಾರದತ್ತಿಗೆಗೆ ಇಪ್ಪತ್ತೆಂಟು. ಶವಕ್ಕೆ ಸ್ನಾನ ಮಾಡಿಸುವಾಗ ಬಿಚ್ಚಿದ ಉಂಗುರವನ್ನು ಯಾರೋ ಹಿರಿಯರು ನನ್ನ ಕೈಗೆ ಕೊಟ್ಟಿದ್ದರು. ತಾಳಿ, ಬಳೆ ಎಲ್ಲ ತೆಗೆಸಿದ ದಿನ ಅತ್ತಿಗೆ ಕೇಳಿದ್ದು ಅದೊಂದನ್ನೇ — ಬೆರಳಿಗೆ ಹಾಕಿಕೊಂಡಿರುತ್ತೇನೆ ಎಂದರು.

“ಉಂಗುರ ಬೆರಳಿಂದ ಬರ್ಲೇ ಇಲ್ಲ ಅತ್ತಿಗೆ. ಹಾಗೇ ಹೋಯ್ತು.”

ಯಾಕೆ ಹಾಗೆಂದೆ? ಆ ವರ್ಷದೊಳಗೇ ನನ್ನ ಮದುವೆ ಮುಗಿಸಬೇಕೆಂದು ಮನೆಯಲ್ಲಿ ಮಾತಾಗಿತ್ತು. ಗಂಡ ಸತ್ತವಳು ಅವನ ಉಂಗುರ ತೊಟ್ಟು ಓಡಾಡಿದರೆ ನನ್ನನ್ನು ನೋಡಲು ಬಂದವರು ಏನೆಂದುಕೊಂಡಾರು — ಅಷ್ಟೇ. ಅಷ್ಟಕ್ಕೇ.

ಮದುವೆಯಾದ ಮೇಲೆ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ಹಳೆಯ ಒಡವೆ ತೊಳೆದು ಪಾಲಿಶ್ ಮಾಡುವ ಕೆಲಸಕ್ಕೆ ಸೇರಿದೆ. ಒಂದು ಮಧ್ಯಾಹ್ನ ಜೆ.ಪಿ. ನಗರದ ವಯಸ್ಸಾದ ಕ್ರಿಶ್ಚಿಯನ್ ಹೆಂಗಸೊಬ್ಬರು ಮುತ್ತಜ್ಜಿಯ ಉಂಗುರ ತಂದರು. ಕಪ್ಪು ಎನಾಮೆಲ್, ಸುತ್ತ ಅಕ್ಕಿನುಚ್ಚಿನಂಥ ಮುತ್ತು, ನಡುವೆ ಗಾಜಿನಡಿ ಹೆಣೆದಿಟ್ಟ ಕೂದಲು — ಸತ್ತ ಗಂಡನದು. ಕಪ್ಪು ದುಃಖಕ್ಕೆ, ಮುತ್ತು ಕಣ್ಣೀರಿಗೆ, ಕೊಳೆಯದ ಕೂದಲು ಅಳಿಯದ ಪ್ರೀತಿಗೆ ಎಂದು ಬೆರಳಿಟ್ಟು ತೋರಿಸಿದರು. ಆ ಕಾಲದಲ್ಲಿ ಅವರ ಕಡೆಯ ವಿಧವೆಯರು ಇದನ್ನು ತೊಟ್ಟೇ ನಾಲ್ಕು ಜನರ ನಡುವೆ ಹೋಗುತ್ತಿದ್ದರಂತೆ. ಅಪಶಕುನ ಅನ್ನುತ್ತಿರಲಿಲ್ಲವೇ ಎಂದು ಕೇಳಿದೆ.

“ಗಂಡನ್ನ ನೆನೆಸ್ಕೊಳ್ಳೋದು ಅಪಶಕುನ ಹೇಗಮ್ಮ ಆಗುತ್ತೆ?”

ನನಗೆ ಮುಂದೆ ಕೆಲಸ ಸಾಗಲಿಲ್ಲ. ಅರ್ಧ ದಿನ ರಜೆ ಕೇಳಿ, ಮನೆಗೆ ಹೋಗಿ ಟ್ರಂಕ್ ತೆಗೆದು, ಇಟ್ಟಮಡುವಿನ ಬಸ್ಸು ಹತ್ತಿದೆ. ಅತ್ತಿಗೆ ಹೊಲಿಗೆ ಮಿಷನ್ನಿನ ಮುಂದಿದ್ದರು. ಉಂಗುರ ಇಟ್ಟು ಎಲ್ಲ ಹೇಳಿದೆ — ಮದುವೆಯ ಆಸೆಗೆ ಸುಳ್ಳಾಡಿದ್ದನ್ನೂ. ಅವರು ಮಿಷನ್ ನಿಲ್ಲಿಸಿದರು. ಆಮೇಲೆ ಉಂಗುರವನ್ನು ಹೆಬ್ಬೆರಳಿಗೆ ಏರಿಸಿಕೊಂಡರು.

“ನಿನಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಸುಧಾ. ಈಗ ಹೋಗು.”

ಎರಡು ತಿಂಗಳಿಗೆ ಉತ್ತರಹಳ್ಳಿಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ಕರೆಯಲು ಹೋದಾಗ ಅತ್ತಿಗೆ ಬರುತ್ತೇನೆ ಎನ್ನಲಿಲ್ಲ. ಆದರೂ ಬಂದರು, ಉಂಗುರ ತೊಟ್ಟೇ. ಹೆಂಗಸರಲ್ಲಿ ಗುಸುಗುಸು ಎದ್ದಿತು. ಹಿಂದೆ ಕೂರಿಸು ಎಂದು ನಮ್ಮತ್ತೆ ನನಗೆ ಸನ್ನೆ ಮಾಡಿದರು. ಆರತಿ ತಟ್ಟೆ ನನ್ನ ಕೈಯಲ್ಲಿತ್ತು. ನೇರ ಹೋಗಿ ಅದನ್ನು ಅತ್ತಿಗೆಯ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದೆ.

“ಈ ಮನೇಲಿ ಆರತಿ ನಮ್ಮ ಅತ್ತಿಗೇನೇ ಎತ್ತೋದು.”

ಒಂದು ಕ್ಷಣ ಅವರ ಕಣ್ಣು ನನ್ನ ಮೇಲೆ ನಿಂತಿತು. ಮರುಕ್ಷಣ ತಟ್ಟೆ ಹಿಡಿದು ಗುಂಪಿನ ಮುಂದಕ್ಕೆ ನಡೆದರು. ಹಾಡಿದರು — ಒಂಚೂರೂ ನಡುಗದ ದನಿ! ಎರಡನೇ ಸಾಲಿಗೆ ಹೆಂಗಸರೆಲ್ಲ ದನಿಗೂಡಿಸಿದರು. ಅತ್ತೆ ಮಾತ್ರ ಸುಮ್ಮನಿದ್ದರು. ನಾನು ಎದೆಯುಬ್ಬಿಸಿ ಹಾಡಿದೆ.

ಕ್ಷಮಿಸಿದೆ ಎಂದು ಅತ್ತಿಗೆ ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ — ನಾನು ಕಿತ್ತುಕೊಂಡ ಆ ವರ್ಷಗಳನ್ನು ಹಿಂದಿರುಗಿಸುವುದು ನನ್ನಿಂದಾಗದು. ಆದರೆ ಅಂದಿನಿಂದ ನಮ್ಮ ಮನೆಯ ಯಾವ ಶುಭಕಾರ್ಯವೂ ಅವರಿಲ್ಲದೆ ಶುರುವಾಗಿಲ್ಲ. ನಾನಿರುವವರೆಗೆ ಆಗುವುದೂ ಇಲ್ಲ.