ಕಲ್ಲಿದ್ದಲ ಹಳಿ, ತಿಪಟೂರಿನ ಕಿವಿ

ಜಾರ್ಖಂಡಿಗೆ ಬಂದ ಮೊದಲ ದಿನ ಒಗೆದು ಹರವಿದ ನನ್ನ ಬಿಳಿ ರವಿಕೆ ಮಧ್ಯಾಹ್ನಕ್ಕೆ ಬೂದಿ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಮನೆಯ ಫೂಲ್ಮತಿ ಅದನ್ನು ನೋಡಿ ಸಂತೋಷಪಟ್ಟಳು. ಬಟ್ಟೆ ಕಪ್ಪಾದರೆ ಗಾಡಿ ಓಡುತ್ತಿದೆ ಎಂದರ್ಥವಂತೆ. ತಿಪಟೂರಿನ ಹತ್ತಿರದ ನಮ್ಮೂರು ಬಿಳಿಗೆರೆಯಲ್ಲಾಗಿದ್ದರೆ ನಮ್ಮಮ್ಮ ಇಡೀ ಬೀದಿಗೆ ಕೇಳುವಂತೆ ಬೈಯುತ್ತಿದ್ದಳು.

ಕಲ್ಲಿದ್ದಲು ಸಾಗಿಸುವ ಒಂಟಿ ಹಳಿಯೊಂದರ ಗೇಟು ಕಾಯುವುದು ನನ್ನ ಕೆಲಸ. ಆಗೆಲ್ಲ ಮಾಲ್‌ಗಾಡಿಗಳಿಗೆ, ಅಂದರೆ ಗೂಡ್ಸಿಗೆ, ಗೇಟು ಹಾಕಿ ತೆಗೆದು ಊಟಕ್ಕೂ ಪುರುಸೊತ್ತಿರಲಿಲ್ಲ. ಹಳೆಯ ಗಣಿ ಬರಿದಾಗುತ್ತ ಬಂತು. ಹೊಸ ಗಣಿಯ ಇದ್ದಲು ಬೇರೆ ದಾರಿ ಹಿಡಿಯಿತು. ಈಗ ದಿನಕ್ಕೊಂದು ಗಾಡಿ ಬಂದರೆ ಹೆಚ್ಚು. ರವಿಕೆ ಬೆಳ್ಳಗೇ ಒಣಗುತ್ತದೆ.

ಫೂಲ್ಮತಿಯ ಗಂಡ ವ್ಯಾಗನ್ನಿಗೆ ಇದ್ದಲು ತುಂಬುವ ಗುತ್ತಿಗೆ ಕೂಲಿ. ಲೈನು ಮುಚ್ಚಬಾರದೆಂದು ಆಕೆ ಈ ಸಲ ಛಠ್ ಹಿಡಿದಳು. ಸೂರ್ಯನಿಗೆ ಅರ್ಘ್ಯ ಕೊಡುವ ಕಠಿಣ ಉಪವಾಸ ಅದು. "ದೀದಿ, ನೀವು ತೆಂಗಿನ ಸೀಮೆಯವರು, ಕಾಯಿ ನೀವೇ ಆರಿಸಿ," ಎಂದಳು. ನಾನು ಹೆಮ್ಮೆಯಿಂದ ಸಂತೆಯಲ್ಲಿ ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿ, ನೀರಿನ ಸದ್ದಿಲ್ಲದೆ ಒಳಗೆ ಒಣಗಿದ ಕೊಬ್ಬರಿ ಗಿಟುಕು ಲೊಟಗುಟ್ಟುವ ಕಾಯನ್ನೇ ತಂದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಕೊಬ್ಬರಿ ಮಾಡುವ ನಮ್ಮ ಕಡೆಯವರಿಗೆ ಅದೇ ಒಳ್ಳೆಯ ಕಾಯಿ. ಪೂಜೆಗೆ ನೀರಿರುವ ಕಾಯಿ ಬೇಕೆಂಬುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಅರ್ಘ್ಯ ಮುಗಿದು ಒಡೆದಾಗ ಒಂದು ಹನಿ ನೀರಿಲ್ಲ. ಅವಳ ಅತ್ತೆ ಮುಖ ತಿರುಗಿಸಿದಳು. ಫೂಲ್ಮತಿ ಕೊಬ್ಬರಿಯನ್ನು ಚೂರು ಮಾಡಿ ಎಲ್ಲರಿಗೂ ಹಂಚಿದಳು. ನನ್ನ ಪಾಲನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಮುಂದಿನ ವಾರವೇ ಆದೇಶ ಬಂತು. ಲೈನು ನಿಲ್ಲುತ್ತದೆ, ಕಾಯಂ ನೌಕರರು ವರ್ಗಾವಣೆಗೆ ಬೇಕಾದ ಊರು ಬರೆದು ಕೊಡಬೇಕು. ಗುತ್ತಿಗೆಯವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಊರಿಗೆ, ಅಣ್ಣನಿಗೆ ಫೋನ್ ಮಾಡಿದೆ.

"ತಿಪಟೂರು ಅಂತ ಬರ್ದ್‌ಬುಡು ಕಣೇ. ಅದ್ರಲ್ಲೇನ್ ಯೋಚ್ನೆ?"

"ಇಲ್ಲಿನ್ ಜನದ್ ಗತಿ ಏನಣ್ಣಾ?"

"ಲೈನ್ ನಿಲ್ಸಿದ್ದು ನೀನಲ್ಲ ಬುಡು. ಬತ್ತೀನಿ ಅನ್ನು, ಸಾಕು."

ಅವನ ಮಾತು ನಿಜ. ಆದರೂ ಆ ಒಣಕಾಯಿ ಮನಸ್ಸಿನಿಂದ ಹೋಗಲೊಲ್ಲದು. ತಿಪಟೂರು ಎಂದೇ ಬರೆದೆ. ಬರೆಯುವಾಗ ಖುಷಿಯಾಯಿತು, ಅದನ್ನು ನಿಮ್ಮಿಂದ ಮುಚ್ಚಿಡಲಾರೆ.

ಸಂಜೆ ಫೂಲ್ಮತಿ ಗೇಟಿನ ಬಳಿ ಬಂದು, "ಯಾವ ಊರು ಬರೆದಿರಿ ದೀದಿ?" ಎಂದು ಕೇಳಿದಳು.

"ಇನ್ನೂ ಬರೆದಿಲ್ಲ," ಎಂದೆ.

ಅವಳು ನಂಬಿದಳು. "ಹಾಗಾದರೆ ಇಲ್ಲೇ ಜಂಕ್ಷನ್ ಅಂತ ಬರೀರಿ, ಎರಡೇ ಸ್ಟೇಷನ್ ದೂರ. ಗಾಡಿ ಇಲ್ಲದಿದ್ದರೇನು, ಹಳಿ ಮೇಲೆ ನಡ್ಕೊಂಡೇ ನಿಮ್ಮ ಮನೆಗೆ ಬರ್ತೀನಿ."