ನಡುತೂತು ತಪ್ಪಿದ ರೆಕಾರ್ಡು

ಹೊನ್ನಾಳಿಯಲ್ಲಿ ಶೂಗೇಜ್ ಸಂಗೀತ ಕೇಳುವವರು ಯಾರಾದರೂ ಇದ್ದಾರೆಯೇ ಎಂದರೆ ನಾನಿದ್ದೇನೆ. ಜಗಳೂರಿನಲ್ಲಿ ಒಬ್ಬ ಪಶುವೈದ್ಯನಿದ್ದಾನೆ, ಚನ್ನಗಿರಿಯಲ್ಲಿ ಒಬ್ಬರು ಬಟ್ಟೆ ಅಂಗಡಿಯ ಮಾಲೀಕರಿದ್ದಾರೆ. ನನಗೆ ಗೊತ್ತಿರುವ ಮಟ್ಟಿಗೆ ಅಷ್ಟೇ. ಇಷ್ಟು ಚಿಕ್ಕ ಬಳಗದಲ್ಲೂ ಒಬ್ಬರನ್ನು ಕಂಡರೆ ನನಗಾಗುವುದಿಲ್ಲ.

ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಇದು ಇಂಗ್ಲಿಷರ ಗಿಟಾರ್ ಸಂಗೀತ. ನುಡಿಸುವವರು ಗಿಟಾರಿನ ದನಿ ಬದಲಿಸಲು ಕಾಲ ಬಳಿಯ ಪೆಡಲುಗಳನ್ನು ಒತ್ತುತ್ತ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ತಮ್ಮ ಬೂಟುಗಳನ್ನೇ ನೋಡಿಕೊಂಡು ನಿಂತಿದ್ದಾರೆ ಎಂದು ಯಾರೋ ಆಡಿಕೊಂಡರು, ಅದೇ ಹೆಸರಾಯಿತು. ಗಿಟಾರಿನ ಮೇಲೆ ಗಿಟಾರು ಸೇರಿ ಮಂಜು ಕವಿದ ಹಾಗಾಗುತ್ತದೆ. ಆ ಮಂಜಿನೊಳಗೆ ಪಕ್ಕದ ಕೋಣೆಯಲ್ಲಿ ಯಾರೋ ಗುನುಗಿದಂತೆ ಒಂದು ದನಿ ಇರುತ್ತದೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ನನ್ನ ರೂಮಿನಲ್ಲಿದ್ದ ಈಶಾನ್ಯದ ಕಡೆಯ ಹುಡುಗಿ ಹಾಸ್ಟೆಲ್ ಬಿಡುವಾಗ ಅಂಥದೊಂದು ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು ಹೋದಳು. ಯಾರದೋ ರೆಕಾರ್ಡಿನಿಂದ ನಕಲು ಮಾಡಿಕೊಂಡದ್ದು. ಈಗ ನಾನು ನ್ಯಾಮತಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅಂದಿನಿಂದ ಇಂದಿನವರೆಗೆ ಆ ಕ್ಯಾಸೆಟ್ಟನ್ನು ಕೇಳುತ್ತಲೇ ಇದ್ದೇನೆ.

ಕೆಲವು ವರ್ಷಗಳಿಂದ ಹಳೆಯ ರೆಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿ ಮಾರುವ ಹುಚ್ಚು ಶುರುವಾಗಿದೆಯಲ್ಲ, ಆ ಅಲೆಯಲ್ಲಿ ನನ್ನ ಕ್ಯಾಸೆಟ್ಟಿನ ಆಲ್ಬಮ್ಮೂ ಬಂತು. ತರಿಸಿಕೊಂಡೆ. ಕೊರಿಯರ್‌ನವನು ಕೊಟ್ಟ ಪೆಟ್ಟಿಗೆ ಒಳ್ಳೆ ಹೋಳಿಗೆ ಹಂಚಿನಷ್ಟು ಭಾರವಿತ್ತು. ಮೇಲೆ ಹೊಳೆಯುವ ಚೀಟಿ: ಮೂಲ ಟೇಪಿನಿಂದಲೇ ತಯಾರಿಸಿದ್ದು, ಹೊಸದಾಗಿ ಹದಗೊಳಿಸಿದ್ದು, ಸೀಮಿತ ಪ್ರತಿ. ರೆಕಾರ್ಡಿನ ಬಣ್ಣ ನೇರಳೆ. ಬಣ್ಣಕ್ಕೆ ಪಟ್ಟ ಶ್ರಮದ ಅರ್ಧದಷ್ಟನ್ನು ದನಿಗೆ ಪಟ್ಟಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ರೆಕಾರ್ಡಿನ ಮೇಲೆ ಮುಳ್ಳು ಇಟ್ಟೆ. ಮೊದಲ ಹಾಡು ಮುಗಿಯುವ ಮೊದಲೇ ಮೋಸ ಗೊತ್ತಾಯಿತು. ಮಂಜು ಇರಬೇಕಾದ ಕಡೆ ಗೋಡೆ ಇತ್ತು. ಮೆಲ್ಲಗಿರಬೇಕಾದದ್ದು, ಜೋರಾಗಿರಬೇಕಾದದ್ದು, ಎರಡನ್ನೂ ಒಂದೇ ಮಟ್ಟಕ್ಕೆ ಅಮುಕಿ ತುಂಬಿದ್ದರು. ಹಾಡುವ ಹುಡುಗಿಯ ದನಿ ಅದರಡಿ ಸಿಕ್ಕಿ ಸತ್ತಿತ್ತು. ಅದು ಸಾಲದೆಂಬಂತೆ ರೆಕಾರ್ಡಿನ ನಡುವಿನ ತೂತು ನಡುವಿನಲ್ಲಿರಲಿಲ್ಲ, ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಅದರಿಂದ ಪ್ರತಿ ಸುತ್ತಿಗೂ ಮುಳ್ಳಿನ ತೋಳು ಎಡಕ್ಕೆ ಬಲಕ್ಕೆ ಓಲಾಡುತ್ತಿತ್ತು, ಅದರ ಜೊತೆಗೇ ಶ್ರುತಿಯೂ ಏರಿ ಇಳಿಯುತ್ತಿತ್ತು.

ನನ್ನ ಗಂಡ ಮೆಡಿಕಲ್ ಶಾಪಿನಿಂದ ಊಟಕ್ಕೆ ಬಂದಿದ್ದರು. ಬಾಗಿಲಲ್ಲೇ ನಿಂತು ಕೇಳಿದರು.

"ಇದು ಹೊಸಾದೇನೇ?"

"ಹೂಂ ರೀ."

"ಹಳೇದೇ ಚೆನ್ನಾಗಿತ್ತು ಬಿಡು. ಊಟಕ್ಕೆ ಬಾ."

ಕಂಪನಿಗೆ ದೂರು ಬರೆದೆ. ತೋಳು ಓಲಾಡುವ ವಿಡಿಯೊ ಕಳಿಸಿದೆ. ಉತ್ತರ ಬಂತು. ಶ್ರುತಿ ಏರಿಳಿಯುವುದು ಈ ಸಂಗೀತದ ಲಕ್ಷಣವೇ ಅಂತೆ. ಗಿಟಾರಿಸ್ಟ್ ಬೇಕೆಂದೇ ತಂತಿಯನ್ನು ಜಗ್ಗಿ ಹಾಗೆ ನುಡಿಸಿದ್ದಾನಂತೆ. ಗದ್ದಲವೂ ಅದರ ಸೌಂದರ್ಯವಂತೆ. ಹೊಸಬರಿಗೆ ಒಗ್ಗಲು ಸ್ವಲ್ಪ ಸಮಯ ಬೇಕಂತೆ.

ಹೊಸಬಳಂತೆ ನಾನು! ಗಿಟಾರಿಸ್ಟ್ ತಂತಿ ಜಗ್ಗುತ್ತಾನೆ ಎಂಬುದು ನನಗೆ ಗೊತ್ತಿಲ್ಲವೇ? ಅವನು ಹಾಡಿನ ಲಯಕ್ಕೆ ತಕ್ಕಂತೆ ಜಗ್ಗುತ್ತಾನೆ. ರೆಕಾರ್ಡು ಸುತ್ತುವ ಲೆಕ್ಕಕ್ಕೆ ಸರಿಯಾಗಿ ಹಾಡಿನಿಂದ ಹಾಡಿಗೆ ಒಂದೇ ತೆರನಾಗಿ ಜಗ್ಗಲು ಅವನೇನು ಗಾಣದ ಎತ್ತೇ? ಈ ಕಂಪನಿಗಳ ಜಾಣತನ ನನಗೆ ಆಗ ಅರ್ಥವಾಯಿತು. ಬೇರೆ ಯಾವ ಸಂಗೀತದಲ್ಲಾದರೂ ಕೊಳಕು ಕೆಲಸ ಮಾಡಿದರೆ ಸಿಕ್ಕಿಬೀಳುತ್ತಾರೆ. ಪಿಯಾನೋ ಓಲಾಡಿದರೆ ಮಗುವಿಗೂ ತಿಳಿಯುತ್ತದೆ. ಶೂಗೇಜಿನಲ್ಲಿ ಹಾಗಲ್ಲ. ಕಲಾವಿದರು ತಿಂಗಳುಗಟ್ಟಲೆ ಕೂತು ಕಟ್ಟಿದ ಗದ್ದಲದ ಹಿಂದೆ ಇವರು ತಮ್ಮ ಕಾರ್ಖಾನೆಯ ಗದ್ದಲವನ್ನು ಬಚ್ಚಿಟ್ಟು, ಅದನ್ನೂ ಕಲೆ ಎಂದೇ ಮಾರುತ್ತಾರೆ.

ಅದೇ ದಿನಗಳಲ್ಲಿ ಚನ್ನಗಿರಿಯ ಬಟ್ಟೆ ಅಂಗಡಿಯವರು ಫೋನ್ ಮಾಡಿದರು. ಅದೇ ರೆಕಾರ್ಡು ಅವರಲ್ಲಿಗೂ ಬಂದಿತ್ತು. "ಭಾನುವಾರ ಬರ್ರಿ ಮೇಡಂ. ಡಾಕ್ಟ್ರೂ ಬರ್ತಾರೆ. ನಮ್ಮ ಸಿಸ್ಟಮ್ಮಿನಾಗೆ ಕೇಳ್ರಿ, ಅದರ ಮಜಾನೇ ಬೇರೆ ಐತೆ," ಅಂದರು.

ಅವರ ಸಿಸ್ಟಮ್ಮಿನ ವಿಷಯ ಹೇಳಬೇಕು. ಅಂಗಡಿಯ ಮೇಲಿನ ಹಾಲ್‌ನಲ್ಲಿ ಫ್ರಿಜ್ಜಿನಷ್ಟು ಎತ್ತರದ ಎರಡು ಸ್ಪೀಕರುಗಳಿವೆ. ರೆಕಾರ್ಡು ಮುಟ್ಟುವಾಗ ಬಿಳಿ ಕೈಗವಸು ಹಾಕುತ್ತಾರೆ. ಸೀರೆ ತೋರಿಸುವ ಹಾಗೆಯೇ ರೆಕಾರ್ಡಿನ ಹೊದಿಕೆಯನ್ನು ಬಿಚ್ಚಿ, ಮಡಚಿ, ಬೆಳಕಿಗೆ ಹಿಡಿದು ತೋರಿಸುತ್ತಾರೆ. ನಾನು ಭೌತಶಾಸ್ತ್ರ ಓದಿದವಳೆಂದು ಗೊತ್ತಿದ್ದೂ ಪ್ರತಿ ಸಲ ನನಗೆ ಕಂಪನ ಎಂದರೇನು ಎಂದು ಬಿಡಿಸಿ ಹೇಳುತ್ತಾರೆ.

ಆ ಭಾನುವಾರ ನಾನು ಹೋದಾಗ ಪಶುವೈದ್ಯ ಆಗಲೇ ಬಂದು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ. ನನಗಿಂತ ಬಹಳ ಚಿಕ್ಕವನು, ನನ್ನನ್ನು ಅಕ್ಕಾ ಅನ್ನುತ್ತಾನೆ. ರೆಕಾರ್ಡು ಸುತ್ತತೊಡಗಿತು. ಇವರ ಪ್ರತಿಯ ತೂತೂ ಸರಿದಿತ್ತು, ತೋಳು ಕುಡಿದವನ ಹಾಗೆ ಓಲಾಡುತ್ತಿತ್ತು. ಮಾಲೀಕರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು, ಅದೂ ತೋಳಿನ ಓಲಾಟಕ್ಕೆ ಸರಿಯಾಗಿ.

"ಏನು ಆಳ ನೋಡ್ರಿ," ಅಂದರು. "ಕ್ಯಾಸೆಟ್‌ನಾಗೆ ಇದು ಎಲ್ಲಿಂದ ಬರಬೇಕು? ಈ ವಿನೈಲ್ ರೆಕಾರ್ಡು ಅಂದ್ರೆ ಒಂಥರಾ ಬೆಚ್ಚಗಿರ್ತೈತೆ."

"ಹಾಡೋಳು ಎಲ್ಲಿ ಹೋದಳು ಸರ್?" ಎಂದು ಕೇಳಿದೆ.

"ಒಳಗೆ ಅದಾಳೆ ಮೇಡಂ. ಕಿವಿ ಕೊಟ್ಟು ಹುಡುಕಬೇಕು. ಅದೇ ಅಲ್ವಾ ಆಟ?"

ನಾನು ಬ್ಯಾಗಿನಿಂದ ಕ್ಯಾಸೆಟ್ಟನ್ನೂ ಪ್ಲೇಯರನ್ನೂ ತೆಗೆದೆ. ಜಗಳ ಮಾಡಲೆಂದೇ ತಂದಿದ್ದೆ. ಮಾಲೀಕರು ನಕ್ಕರು. ಪಶುವೈದ್ಯ ಮಾತ್ರ ಉತ್ಸಾಹದಿಂದ ಎದ್ದ. "ಒಂದು ಕೆಲ್ಸ ಮಾಡನ. ನೀವಿಬ್ರೂ ಗ್ವಾಡೆ ಕಡೆ ಮಖ ಮಾಡ್ಕಂಡು ಕುಂತ್ಕಳ್ರಿ. ಎರಡನ್ನೂ ಇದೇ ಸ್ಪೀಕರಿಗೆ ಸಿಗಿಸಿ ಸೌಂಡು ಸಮ ಮಾಡಿ ಹಾಕ್ತೀನಿ. ಯಾವ್ದು ಯಾವ್ದು ಅಂತ ಹೇಳ್ರಿ," ಅಂದ.

ಕ್ಯಾಲೆಂಡರ್ ತೂಗುಹಾಕಿದ್ದ ಗೋಡೆಗೆ ಮುಖ ಮಾಡಿ ಇಬ್ಬರೂ ಕೂತೆವು. ಮೊದಲನೆಯದು ಬಂತು. ಅಡಿಯಲ್ಲಿ ಸಣ್ಣಗೆ ಸುಯ್ಯೆನ್ನುವ ಸದ್ದು, ಅದರ ಮೇಲೆ ಮಂಜಿನಂತೆ ಗಿಟಾರು, ಮಂಜಿನ ನಡುವೆ ನಿಂತ ಹುಡುಗಿ. ನನಗೆ ಊಹಿಸುವ ಅಗತ್ಯವೇ ಇರಲಿಲ್ಲ. ಮಾಲೀಕರು ತೊಡೆ ತಟ್ಟಿ ಹೇಳಿದರು: "ಇದೇ ನೋಡ್ರಿ ವಿನೈಲ್. ಹೆಂಗೆ ಬಿಚ್ಚಿಕೊಂಡೈತೆ. ಕಣ್ಣು ಕಟ್ಟಿದ್ರೂ ಹೇಳ್ತೀನಿ."

ಎರಡನೆಯದು ಬಂದಾಗ ಮುಖ ಸಿಂಡರಿಸಿದರು. "ಇದು ಕ್ಯಾಸೆಟ್. ಉಸಿರು ಕಟ್ಟಿದಂಗೈತೆ."

ಇಬ್ಬರೂ ತಿರುಗಿ ನೋಡಿದೆವು. ರೆಕಾರ್ಡು ಸುತ್ತುತ್ತಿತ್ತು, ಕ್ಯಾಸೆಟ್ ನಿಂತಿತ್ತು.

ಆ ಕ್ಷಣದಲ್ಲಿ ಮಾಲೀಕರು ನಕ್ಕುಬಿಟ್ಟಿದ್ದರೆ ನಾನು ಅವರನ್ನು ಜೀವನಪೂರ್ತಿ ಗೌರವಿಸುತ್ತಿದ್ದೆ. ಅವರು ನಗಲಿಲ್ಲ. ಎದ್ದು ಹೋಗಿ ಸ್ಪೀಕರಿನ ಹಿಂದಿನ ವೈರು ಅಲ್ಲಾಡಿಸಿದರು. "ನಿಮ್ಮ ಪ್ಲೇಯರಿನಾಗೆ ಏನೋ ಬಾಸ್ ಜಾಸ್ತಿ ಮಾಡೀರಿ," ಅಂದರು. ಆಮೇಲೆ, "ಇವತ್ತು ಕರೆಂಟ್ ಸರಿ ಇಲ್ಲ ಬಿಡ್ರಿ, ವೋಲ್ಟೇಜ್ ಡಲ್ ಐತೆ," ಅಂದರು. ಆಮೇಲೆ ಕೈಗವಸು ಹಾಕಿಕೊಂಡು ರೆಕಾರ್ಡನ್ನು ಮಗುವಿನ ಹಾಗೆ ಎತ್ತಿ ಒಳಗಿಟ್ಟರು. ಸಂಜೆಯ ಹೊತ್ತಿಗೆ ಅವರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಆ ನೇರಳೆ ರೆಕಾರ್ಡಿನ ಫೋಟೊ ಇತ್ತು. ಅದರಡಿ, ನಿಜವಾದ ದನಿ ಎಂದು ಬರೆದಿದ್ದರು. ಕಂಪನಿಗಳು ಹೀಗೆ ಮಾಡುವುದು ಇಂಥವರ ಭರವಸೆಯ ಮೇಲೆಯೇ. ಕಿವಿ ಇಲ್ಲದವರು ಕೊಳ್ಳುವವರೆಗೆ ತೂತು ಸರಿಯಾಗಿ ಕೊರೆಯುವ ದರ್ದು ಅವರಿಗೇನಿದೆ?

ಅವರು ಮತ್ತೆ ನನ್ನನ್ನು ಕರೆಯಲಿಲ್ಲ. ನನ್ನ ಪ್ರತಿಯ ತೂತನ್ನು ನಾನೇ ದುಂಡನೆಯ ಅರದಿಂದ ಉಜ್ಜಿ ಅಗಲ ಮಾಡಿ, ಪ್ರತಿ ಸಲ ಕೈಯಿಂದ ನಡುವಿಗೆ ಕೂರಿಸಿ ಕೇಳಿದೆ. ಓಲಾಟ ನಿಂತಿತು. ಅಮುಕಿದ ದನಿಯನ್ನು ಬಿಡಿಸುವ ಅರ ಎಲ್ಲಿಯೂ ಸಿಗುವುದಿಲ್ಲ. ರೆಕಾರ್ಡನ್ನು ಕಪಾಟಿನ ಮೇಲೆ ಎಸೆದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಪಶುವೈದ್ಯನ ಫೋನ್ ಬಂತು. "ಅಕ್ಕಾ, ಇನ್ನೊಂದು ತರಿಸೀನಿ. ಬೇರೆ ಬ್ಯಾಂಡು, ಅದೇ ಕಾಲದ್ದು. ನಾನೇನೂ ಹೇಳಲ್ಲ. ಬಂದು ಕೇಳ್ರಿ."

ಇನ್ನೊಂದು ಗೋಡೆ ಇರಬೇಕು ಎಂದುಕೊಂಡೇ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಬೈಯಲು ಬೇಕಾದ ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಅವನ ಮನೆಯ ಪಡಸಾಲೆಯಲ್ಲಿ ಅವನ ತಾಯಿ ಮೊರದಲ್ಲಿ ಶೇಂಗಾ ಹಸನು ಮಾಡುತ್ತ ಕೂತಿದ್ದರು. ರೆಕಾರ್ಡು ಬರಿ ಕಪ್ಪು, ಹೊದಿಕೆಯ ಮೇಲೆ ಯಾವ ಚೀಟಿಯೂ ಇರಲಿಲ್ಲ. ಯಾವುದೋ ಚಿಕ್ಕ ಕಂಪನಿಯದು. ಅವನು ಮುಳ್ಳು ಇಟ್ಟ. ತೋಳು ಕದಲದೆ ನಿಂತಿತು.

ನಾನು ಜೋಡಿಸಿಕೊಂಡು ಬಂದ ಮಾತುಗಳೆಲ್ಲ ದಂಡವಾದವು. ಗಿಟಾರುಗಳು ಒಂದರ ಹಿಂದೆ ಒಂದು ನಿಂತಿದ್ದವು, ಅವುಗಳ ನಡುವೆ ಗಾಳಿ ಆಡುತ್ತಿತ್ತು. ಹಾಡುವವಳು ಸಾಲಿಗೆ ಮೊದಲು ಉಸಿರು ಎಳೆದುಕೊಂಡದ್ದು ಕೇಳಿಸಿತು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಬೆನ್ನಿಗೇ ಸಿಟ್ಟು ಮೊದಲಿಗಿಂತ ಜೋರಾಗಿ ಬಂತು. ಹಾಗಾದರೆ ಇದು ಆಗದ ಕೆಲಸವೇನೂ ಅಲ್ಲ. ಹಳೆಯ ಟೇಪು ಸವೆದಿದೆ, ಯಂತ್ರ ಸಿಗುವುದಿಲ್ಲ ಎಂದು ಆ ಕಂಪನಿಗಳು ಹೇಳುವುದೆಲ್ಲ ನೆಪ. ಮಾಡಲು ಬರುತ್ತದೆ, ಮಾಡುವುದಿಲ್ಲ, ಅಷ್ಟೇ.

ಇದನ್ನೇ ಹೇಳುತ್ತಿದ್ದಾಗ ಪಶುವೈದ್ಯನಿಗೆ ಬಿಳಿಚೋಡಿನಿಂದ ಕರೆ ಬಂತು, ಎಮ್ಮೆಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. "ಎರಡನೇ ಸೈಡು ನೀವೇ ಹಾಕ್ಕಳ್ರಿ ಅಕ್ಕಾ," ಎಂದು ಬೈಕ್ ಹತ್ತಿ ಹೋದ. ನಾನು ರೆಕಾರ್ಡು ಮಗುಚಿ ಹಾಕಿ ಕೂತೆ. ಮೂಲೆಯಲ್ಲಿದ್ದ ತಾಯಿ ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ಕೇಳಿದರು.

"ಯವ್ವಾ, ಆ ಹುಡುಗಿ ಏನಂತ ಹಾಡಾಕತ್ತಾಳೆ?"

ಇಷ್ಟು ವರ್ಷ ಈ ಸಂಗೀತದಲ್ಲೇ ಮುಳುಗಿದ್ದರೂ ಯಾವ ಹಾಡಿನ ಮಾತನ್ನೂ ನಾನು ಹಿಡಿದಿರಲಿಲ್ಲ. ದನಿ ಕೇಳಿಸಬೇಕು ಎಂಬುದಕ್ಕಷ್ಟೇ ಜಗಳವಾಡಿದ್ದೆ.

"ಗೊತ್ತಿಲ್ಲಮ್ಮ," ಅಂದೆ.

"ಇಂಗ್ಲಿಷ್ ಬರ್ತೈತಲ್ಲ ನಿಮಗೆ. ಕೇಳಿ ಹೇಳ್ರಿ ಮತ್ತೆ."

ಮುಳ್ಳನ್ನು ಎತ್ತಿ ಹಾಡಿನ ಮೊದಲಿಗೆ ಇಟ್ಟೆ. ಒಂದು ಸಾಲು ಸಿಕ್ಕಿತು, ಕನ್ನಡದಲ್ಲಿ ಹೇಳಿದೆ: "ಕಿಟಕಿ ತೆರೆದಿಟ್ಟು ಮಲಗಿದೀನಿ ಅಂತಾಳೆ."

"ಆಮ್ಯಾಕೆ ಏನಂತಾಳೆ?" ಅಂದರು ಆ ತಾಯಿ, ಶೇಂಗಾದ ಮೊರವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ.