ವಿಜಯಾ ಬರೆದ ಚುನಾವಣೆ

ವಿಜಯಾ, ಆ ಪ್ರಬಂಧ ನಿನ್ನದು. ನಾನು ಅದನ್ನು ಕದ್ದೆ — ಕದ್ದದ್ದಷ್ಟೇ ಅಲ್ಲ, ಕದ್ದವಳು ನೀನೆಂದು ಎಲ್ಲರನ್ನೂ ನಂಬಿಸಿದೆ.

೨೦೦೪. ಸಿಡ್ನಿಯಲ್ಲಿ ಇಬ್ಬರೂ ಇತಿಹಾಸದ ಎಂ.ಎ. ಓದುತ್ತಿದ್ದೆವು, ಪ್ಯಾರಮಟ್ಟಾದಲ್ಲಿ ಒಂದೇ ಫ್ಲ್ಯಾಟು, ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರು. ಟಿವಿಯಲ್ಲಿ ಇರಾಕ್ ಯುದ್ಧ, ಅದರ ನಡುವೆಯೇ ಅಮೆರಿಕದ ಚುನಾವಣೆ. ಧಾರವಾಡದ ನೀನು ನೋಡುತ್ತ ಕೂತಿದ್ದವಳು, "ಇದೇನ ಹೊಸಾದಲ್ಲ ಬಿಡು, ೧೮೧೨ರಾಗೂ ಹಿಂಗ ಆಗಿತ್ತು" ಎಂದೆ. ಬ್ರಿಟನ್ನಿನ ಮೇಲೆ ಯುದ್ಧ ಸಾರಿದ ಅಧ್ಯಕ್ಷ ಕೆಲವೇ ತಿಂಗಳಲ್ಲಿ ಚುನಾವಣೆ ಎದುರಿಸಿದ್ದು. ಎದುರಾಳಿಯ ಕಡೆಯವರು ಒಂದು ಸೀಮೆಯಲ್ಲಿ ಶಾಂತಿಯ ಮಾತು, ಇನ್ನೊಂದರಲ್ಲಿ ಯುದ್ಧವನ್ನು ಇನ್ನೂ ಜೋರಾಗಿ ನಡೆಸುವ ಮಾತು ಆಡಿದ್ದು — ನೀನು ಎರಡು ತಿಂಗಳು ಲೈಬ್ರರಿಯಲ್ಲಿ ಕೂತು ಪ್ರಬಂಧಕ್ಕೆಂದು ಅದನ್ನೆಲ್ಲ ಹೆಕ್ಕಿದೆ.

ನಾನು ಒಂದು ಸಾಲೂ ಬರೆದಿರಲಿಲ್ಲ. ಆಗಲೇ ಎರಡು ವಿಷಯಗಳಲ್ಲಿ ಫೇಲು. ಇದೂ ಹೋದರೆ ಕೋರ್ಸೂ ಇಲ್ಲ, ವೀಸಾನೂ ಇಲ್ಲ. ನೀನು ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ನಿನ್ನ ಫೈಲು ತೆರೆದೆ. ಹೆಸರು ಬದಲಿಸಿದೆ. ನೀನಿನ್ನೂ ಕೊನೆಯ ಪುಟ ತಿದ್ದುತ್ತಿದ್ದಾಗಲೇ ಒಪ್ಪಿಸಿಬಿಟ್ಟೆ. ಅಂಕ ಕೊಡುವವರು ಬೇರೆ ಬೇರೆ, ಯಾರಿಗೆ ಗೊತ್ತಾಗುತ್ತದೆ ಎಂದು —

ಮರುದಿನ ನೀನೂ ನಿನ್ನದನ್ನು ಒಪ್ಪಿಸಿದೆ. ಹತ್ತು ದಿನ ಏನೂ ಆಗಲಿಲ್ಲ. ಆ ಹತ್ತು ದಿನವೂ ನೀನು ನನಗೆ ರೊಟ್ಟಿ ಬಡಿದು ಹಾಕಿದೆ. ನಾನು ತಿಂದೆ. ಆಮೇಲೆ ಇಬ್ಬರಿಗೂ ಒಂದೇ ಇಮೇಲು: ಎರಡೂ ಪ್ರಬಂಧ ಒಂದೇ, ಗುರುವಾರ ಹನ್ನೊಂದಕ್ಕೆ ವಿಚಾರಣೆ.

ಕಚೇರಿಯ ಹೊರಗಿನ ಬೆಂಚಿನ ಮೇಲೆ ನೀನು ನನ್ನ ಕೈ ಹಿಡಿದೆ. ನಿನಗೆ ಎಲ್ಲವೂ ಅರ್ಥವಾಗಿತ್ತು.

"ಒಳಗ ಖರೇ ಹೇಳಿಬಿಡು, ಶೈಲಾ. ನಾ ನಿನ್ನ ಕೈ ಬಿಡಂಗಿಲ್ಲ. ಮುಂದ ಇಬ್ರೂ ಸೇರಿ ಏನರ ಮಾಡೋಣು."

"ಹೇಳ್ತೀನಿ ಕಣೆ," ಎಂದೆ.

ಒಳಗೆ ಕೇಳಿದರು. "ಪ್ರಬಂಧ ನನ್ನದು" ಎಂದೆ — "ಇವಳು ನನ್ನ ಫೈಲು ನೋಡಿರಬೇಕು." ಮೊದಲು ಒಪ್ಪಿಸಿದವಳು ನಾನೇ ಅಲ್ಲವೇ. ನೀನು ಕೈಬರಹದ ಟಿಪ್ಪಣಿ ಪುಸ್ತಕಕ್ಕಾಗಿ ಬ್ಯಾಗು ತಡಕಾಡಿದೆ, ಮತ್ತೆ ತಡಕಾಡಿದೆ. ಅದು ಸಿಗುವಂತಿರಲಿಲ್ಲ. ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ಅದನ್ನು ತೆಗೆದು ಬೀದಿಯ ಕಸದ ಡಬ್ಬಿಗೆ ಹಾಕಿ ಬಂದಿದ್ದೆ. ಬೆಂಚಿನ ಮೇಲೆ ನಿನಗೆ ಮಾತು ಕೊಡುವಾಗಲೇ — ಹೌದು, ಆಗಲೇ ಎಲ್ಲ ಮುಗಿಸಿದ್ದೆ.

ನೀನು ಹುಡುಕುವುದನ್ನು ನಿಲ್ಲಿಸಿ ನನ್ನತ್ತ ನೋಡಿದೆ. ಆಮೇಲೆ ಬ್ಯಾಗಿನ ಜಿಪ್ಪು ಎಳೆದೆ. ನಿನ್ನನ್ನು ಕೋರ್ಸಿನಿಂದ ತೆಗೆದರು. ಎರಡು ತಿಂಗಳೊಳಗೆ ನೀನು ಧಾರವಾಡಕ್ಕೆ ಮರಳಿದೆ.

ನನಗೆ ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಸಿಕ್ಕಿತು. ಈಗ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಮನೆ. ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಹೋದ ವಾರ ನಕಲು ಮಾಡಿದ ವಿದ್ಯಾರ್ಥಿನಿಯೊಬ್ಬಳನ್ನು ನನ್ನ ಮುಂದೆ ಕರೆತಂದರು. ನಾನು ಕೇಳುವ ಮೊದಲೇ ಅವಳು ಅಳುತ್ತ ಒಪ್ಪಿಕೊಂಡಳು. ಹದಿಮೂರು ವರ್ಷದವಳು — ಅಷ್ಟು ಸುಲಭವಾಗಿ.

ನಿನ್ನೆ ವಿಶ್ವವಿದ್ಯಾಲಯಕ್ಕೆ ಎಲ್ಲವನ್ನೂ ಬರೆದು, ಸಹಿ ಹಾಕಿ ಕಳಿಸಿದೆ. ಡಿಗ್ರಿ ಹೋಗಬಹುದು, ಕೆಲಸವೂ ಹೋಗಬಹುದು. ಹೋಗಲಿ. ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ. ಅವರು ನಿನಗೆ ಫೋನ್ ಮಾಡುತ್ತಾರೆ. ಎತ್ತು, ವಿಜಯಾ.